ಯುದ್ಧದ ಮಧ್ಯೆ ಸಿಕ್ಕಾಕ್ಕೊಂಡಾಗ ಫೋನ್ ಮ್ಯಾಪ್ ಎಷ್ಟು ನಂಬ್ಬೋದು? ಅನುಭವ ಇದ್ದವ್ರು ಹೇಳಿ

ಪಿಸೊಚಿನ್_ಪಾದಯಾತ್ರಿ:

ನಮ್ ಜೂನಿಯರ್ ಒಬ್ಬ ಕೊನೇ ವರ್ಷ ಮುಗ್ಸೋಕೆ ಅಂತ ಉಕ್ರೇನಿನ ತೆರ್ನೊಪಿಲ್‌ಗೆ ಹೊರಟಿದಾನೆ. ಮೊನ್ನೆ ಮೆಸೇಜ್ ಮಾಡಿ "ಅಣ್ಣ, ಹಂಗೇನಾದ್ರೂ ಆದ್ರೆ ಅಂತ ಫೋನಲ್ಲಿ ಯಾವ ಮ್ಯಾಪ್ ಆ್ಯಪ್ ಇಟ್ಕೊಳ್ಲಿ" ಅಂದ. ಹಂಗೇನಾದ್ರೂ ಆದ್ರೆ ಅಂತೆ, ಅಲ್ಲಿ ಆಗ್ತಾನೇ ಇದೆ. ಒಂದು ಹೆಸರು ಹೇಳಿ ಮುಗ್ಸೋಣ ಅಂತ ಟೈಪ್ ಮಾಡೋಕೆ ಕೂತೆ, ಮುಗೀಲಿಲ್ಲ, ಅದಕ್ಕೆ ಇಲ್ಲೇ ಹಾಕ್ತಿದೀನಿ. ಉಕ್ರೇನ್ ಒಂದೇ ಅಲ್ಲ, ಬೇರೆ ಕಡೆ ಸಿಕ್ಕಾಕ್ಕೊಂಡಿದ್ದವ್ರೂ ಬರೀರಿ.

ನಂದು ಖಾರ್ಕಿವ್. 2022 ಫೆಬ್ರವರಿ 24ರ ಬೆಳಗಿನ ಜಾವ 5ಕ್ಕೆ ರಷ್ಯಾದ ದಾಳಿಯ ಸದ್ದು ಶುರು, ಅವತ್ತೇ ಮೆಟ್ರೊ ಓಡೋದು ನಿಂತು ಸ್ಟೇಷನ್‌ಗಳೆಲ್ಲ ಬಂಕರ್ ಆದ್ವು, ನಾವು 8 ಜನ ಹಾಸ್ಟೆಲ್ ಬೇಸ್‌ಮೆಂಟಲ್ಲಿ. ಮಾರ್ಚ್ 1ಕ್ಕೆ ಫ್ರೀಡಂ ಸ್ಕ್ವೇರ್‌ನ ಆಡಳಿತ ಕಟ್ಟಡದ ಮೇಲೆ ಮಿಸೈಲ್ ಬಿತ್ತು. ಇನ್ನು ಕೂತ್ರೆ ಆಗಲ್ಲ ಅಂತ ಮಾರನೇ ದಿನ ಬೆಳಿಗ್ಗೆ ರೈಲ್ವೆ ಸ್ಟೇಷನ್‌ಗೆ ಹೋದ್ವಿ, ಅಲ್ಲಿ ನೋಡಿದ್ರೆ ಕಾಲಿಡೋಕೆ ಜಾಗ ಇಲ್ಲ, ರೈಲು ಬರುತ್ತೆ ಆದ್ರೆ ಹೆಂಗಸ್ರು ಮಕ್ಕಳು ಮೊದ್ಲು. ಅದು ಸರಿನೇ ಬಿಡಿ. ಮಧ್ಯಾಹ್ನ ನಮ್ಮ ಇಂಡಿಯನ್ ಎಂಬಸಿ ಅಡ್ವೈಸರಿ ಬಂತು, ಖಾರ್ಕಿವ್ ತಕ್ಷಣ ಬಿಡಿ, ಪಿಸೊಚಿನ್, ಬಬಾಯಿ, ಬೆಜ್ಲ್ಯುದಿವ್ಕಾ ಈ ಮೂರರಲ್ಲಿ ಒಂದು ಕಡೆ ಸಂಜೆ 6ರೊಳಗೆ ಇರ್ಬೇಕು ಅಂತ. ಆಮೇಲೆ ಇನ್ನೊಂದು ಬಂತು, ಗಾಡಿ ಸಿಗದವ್ರು ನಡ್ಕೊಂಡೇ ಹೋಗಿ, ಸ್ಟೇಷನ್‌ನಿಂದ 11, 12, 16 ಕಿಮೀ. ಬೆಜ್ಲ್ಯುದಿವ್ಕಾ ಅನ್ನೋ ಹೆಸರಲ್ಲೇ "ಜನ ಇಲ್ಲದ ಜಾಗ" ಅನ್ನೋ ಅರ್ಥ ಇದೆ, ಅವತ್ತು ಅದನ್ನ ಯಾರೋ ಹೇಳಿ ಎಲ್ರೂ ನಕ್ಕಿದ್ದು ನೆನಪಿದೆ, ಯಾಕೆ ನಕ್ವೋ ಗೊತ್ತಿಲ್ಲ.

ಈಗ ಮ್ಯಾಪ್ ವಿಷಯ. ನಾನು ಆಫ್‌ಲೈನ್ ಮ್ಯಾಪ್ ಹಾಕಿದ್ದು ಫೆಬ್ರವರಿ 24ರ ರಾತ್ರಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬೇಸ್‌ಮೆಂಟ್ ಮೆಟ್ಲ ಮೇಲೆ ಕೂತು, ನೆಟ್ ಬಂದಾಗ ಒಂಚೂರು ಒಂಚೂರು ಇಳೀತಿತ್ತು. ಸ್ಟೇಷನ್‌ನಲ್ಲಿ ಅಡ್ವೈಸರಿಯಲ್ಲಿದ್ದ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿ ಹುಡುಕಿದ್ರೆ ಆ ಆ್ಯಪ್ "ಏನೂ ಸಿಗಲಿಲ್ಲ" ಅಂತು. ಎದೆ ಧಸಕ್ ಅಂತು. ರಷ್ಯನ್ ಉಚ್ಚಾರಣೆಯ ಸ್ಪೆಲ್ಲಿಂಗ್ ಬೇರೆ, ಉಕ್ರೇನಿಯನ್ದು ಬೇರೆ, ಮ್ಯಾಪಲ್ಲಿ ಇರೋದು ಉಕ್ರೇನಿಯನ್ ಸಿರಿಲಿಕ್ ಅಕ್ಷರ. ರೂಮ್‌ಮೇಟ್ ಯಾವುದೋ ಟೆಲಿಗ್ರಾಂ ಗ್ರೂಪಿಂದ ಸಿರಿಲಿಕ್ ಹೆಸರು ಕಾಪಿ ಮಾಡಿ ಹಾಕ್ದ, ಆಗ ಸಿಕ್ತು. ಪಿಸೊಚಿನ್‌ಗೆ ನಡೆದ್ರೆ ಎರಡೂಕಾಲು ಗಂಟೆ ಅಂತ ತೋರಿಸ್ತು. ಸೂಟ್‌ಕೇಸ್ ಎಳ್ಕೊಂಡು, ಸದ್ದಾದಾಗೆಲ್ಲ ಗೋಡೆ ಪಕ್ಕ ಕೂತು ಹೋದ ನಮಗೆ ನಾಲ್ಕೂವರೆ ಆಯ್ತು.

ಹೊರಟ ಹತ್ತು ನಿಮಿಷಕ್ಕೆ ಮ್ಯಾಪ್ ಹೇಳ್ತಿದೆ, ಬಲಕ್ಕೆ ತಿರುಗಿ ರೈಲ್ವೆ ಹಳಿ ಹಿಂದಿನ ಕಾಲುದಾರಿ ಹಿಡಿ, ಒಂದು ಕಿಮೀ ಉಳಿಯತ್ತೆ ಅಂತ. ನಾನು ತಿರುಗ್ದೆ ಕೂಡ. ಅಲ್ಲೊಬ್ಬ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ್ದ ರೈಲ್ವೆ ಕೆಲಸದ ಅಜ್ಜ ಸಿಗರೇಟ್ ಸೇದ್ತಾ ನಿಂತಿದ್ದ, ನನ್ನ ಫೋನ್ ನೋಡ್ಲೇ ಇಲ್ಲ, ಮುಖ ನೋಡಿ ತಲೆ ಅಲ್ಲಾಡಿಸ್ದ, ದೊಡ್ಡ ರಸ್ತೆ ಕಡೆ ಕೈ ತೋರಿಸಿ "ಪ್ರ್ಯಾಮೊ, ಪ್ರ್ಯಾಮೊ" ಅಂದ. ನೇರ ಹೋಗು ಅಂತ. ಆ ದೊಡ್ಡ ರಸ್ತೆ ಪೊಲ್ತಾವ್ಸ್ಕಿ ಶ್ಲ್ಯಾಖ್, ಖೊಲೊದ್ನಾ ಹೊರಾ ದಾಟಿ ಪಶ್ಚಿಮಕ್ಕೆ ಹೋಗತ್ತೆ. ಸರಿ ಅಂತ ಅದನ್ನೇ ಹಿಡಿದ್ವಿ. ಆ ಕಾಲುದಾರಿಯಲ್ಲಿ ಏನಿತ್ತು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ.

ಫೋನ್ 31%. ಚಳಿಗೆ ಬ್ಯಾಟರಿ ಕಣ್ಣ ಮುಂದೆನೇ ಇಳೀತಿತ್ತು. ಏರೋಪ್ಲೇನ್ ಮೋಡಲ್ಲಿಟ್ಟು ಒಳಜೇಬಲ್ಲಿ ಮೈಗೆ ಅಂಟಿಸ್ಕೊಂಡು, ಕಿಲೋಮೀಟರ್‌ಗೊಂದ್ಸಲ ತೆಗೆದು ನೀಲಿ ಚುಕ್ಕೆ ಎಲ್ಲಿದೆ ನೋಡೋದು, ಮತ್ತೆ ಒಳಗೆ. ಯಾಕೆ ನೋಡ್ಲೇಬೇಕಿತ್ತು ಅಂದ್ರೆ ಬೋರ್ಡ್ ಇರ್ಲಿಲ್ಲ. ಫೆಬ್ರವರಿ 26ಕ್ಕೇ ಉಕ್ರೇನಿನ ರಸ್ತೆ ಇಲಾಖೆ ಊರಿನ ಹೆಸರಿನ ಬೋರ್ಡೆಲ್ಲ ಕಿತ್ತಾಕಿ, ರಷ್ಯನ್ನರು ದಾರಿ ತಪ್ಲಿ ಅಂತ ಹೇಳಿತ್ತು. ರಷ್ಯನ್ನರ ಜೊತೆ ನಾವೂ ತಪ್ಪೋದೇ.

ಮ್ಯಾಪಲ್ಲಿ ಆ ರಸ್ತೆ ಹಳದಿ ಬಣ್ಣ, ನೀಟಾಗಿದೆ. ನಮ್ಮ ಎಡಕ್ಕೆ ಹೊಗೆ ಏಳ್ತಿದೆ. ಮ್ಯಾಪಿಗೆ ಅದು ಗೊತ್ತಿಲ್ಲ. ಅದಕ್ಕೆ ನನ್ನ ಉತ್ತರ ಇಷ್ಟು: ನಾನೆಲ್ಲಿದೀನಿ ಅಂತ ಮ್ಯಾಪನ್ನ ಕೇಳು, ಮುಂದೆ ಹೋಗ್ಬೋದಾ ಅಂತ ಎದುರಿಂದ ಬರ್ತಿರೋವ್ರನ್ನ ಕೇಳು. ನೀವೇನಂತೀರಿ?

ಪೇಪರ್_ಪ್ರೇಮಿ:

ನಾನು ಯುದ್ಧ ನೋಡಿಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಆದ್ರೂ ಒಂದು ಮಾತು. ಇದಕ್ಕೆಲ್ಲ ಹಳೇ ಕಾಲದ ಪೇಪರ್ ಮ್ಯಾಪೇ ಸರಿ ಅಲ್ವಾ? ಬ್ಯಾಟರಿ ಬೇಡ, ನೆಟ್ ಬೇಡ, ಯಾರೂ ಟ್ರ್ಯಾಕ್ ಮಾಡಲ್ಲ. ಈಗಿನ ಹುಡುಗ್ರಿಗೆ ದಿಕ್ಕು ನೋಡೋದೇ ಮರ್ತೋಗಿದೆ.

ಪಿಸೊಚಿನ್_ಪಾದಯಾತ್ರಿ:

ಸರ್, ಪೇಪರ್ ಬೇಡ ಅಂತ ಹೇಳಲ್ಲ. ಆದ್ರೆ ಪೇಪರ್ ಮ್ಯಾಪ್ ಓದೋಕೆ ನಾವು ಎಲ್ಲಿ ನಿಂತಿದೀವಿ ಅಂತ ಗೊತ್ತಿರ್ಬೇಕು, ಅದನ್ನ ಹೇಳೋದು ಬೋರ್ಡು, ಆ ಬೋರ್ಡೇ ಕಿತ್ತಾಕಿದ್ರು. ಒಂದೇ ಥರ 9 ಅಂತಸ್ತಿನ ಸೋವಿಯತ್ ಕಾಲದ ಅಪಾರ್ಟ್‌ಮೆಂಟು ಸಾಲಾಗಿ, ಮಂಜು, ಸೂರ್ಯ ಕಾಣಲ್ಲ, ಯಾವ ದಿಕ್ಕು ನೋಡ್ತೀರಾ.

ಆದ್ರೆ ಪೇಪರ್ ಕೆಲಸಕ್ಕೆ ಬಂದಿದ್ದೂ ನಿಜ. ನನ್ನ ರೂಮ್‌ಮೇಟ್ ಫಾರ್ಮಕಾಲಜಿ ನೋಟ್ಸ್‌ನ ಹಿಂದೆ ದಾರಿಯಲ್ಲಿ ಬರೋ ಏರಿಯಾ ಹೆಸರುಗಳನ್ನೆಲ್ಲ ಒಂದರ ಕೆಳಗೊಂದು ಸಿರಿಲಿಕ್‌ನಲ್ಲಿ ದೊಡ್ಡದಾಗಿ ಬರ್ಕೊಂಡಿದ್ದ, ದಾಟಿದ್ದಕ್ಕೆ ಗೆರೆ ಎಳೀತಿದ್ದ. ಯಾರಾದ್ರೂ ಸಿಕ್ರೆ ಆ ಹಾಳೆ ಹಿಡಿಯೋದು, ಅವ್ರು ಬೆರಳಿಟ್ಟು ತೋರಿಸೋರು. ಅಪರಿಚಿತ ಹುಡುಗ ಫೋನ್ ಮುಖಕ್ಕೆ ಹಿಡಿದ್ರೆ ಜನ ಹಿಂದೆ ಸರೀತಿದ್ರು, ಫೋಟೊ ತೆಗೀತಾನೆ ಅಂತ ಅನುಮಾನ. ಹಾಳೆ ಹಿಡಿದ್ರೆ ಹತ್ರ ಬರೋರು. ಈ ವ್ಯತ್ಯಾಸ ನಾನು ಅವತ್ತು ಗಮನಿಸ್ಲಿಲ್ಲ, ಆಮೇಲೆ ಪೋಲೆಂಡ್ ತಲುಪಿದ ಮೇಲೆ ಹೊಳೀತು.

ಜಿಐಎಸ್_ಗಿರಾಕಿ:

ಮ್ಯಾಪ್ ಮಾಡೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಟೆಕ್ನಿಕಲ್. ತುಂಬಾ ಜನಕ್ಕೆ ನೆಟ್ ಹೋದ್ರೆ ಜಿಪಿಎಸ್ ಹೋಗತ್ತೆ ಅಂತ ತಪ್ಪು ಕಲ್ಪನೆ ಇದೆ. ಜಿಪಿಎಸ್ ರೇಡಿಯೊ ಕೇಳೋ ಹಾಗೆ, ಫೋನ್ ಬರೀ ಕೇಳಿಸ್ಕೊಳ್ಳತ್ತೆ, ಏನನ್ನೂ ಕಳಿಸಲ್ಲ. ಅದಕ್ಕೇ ಏರೋಪ್ಲೇನ್ ಮೋಡಲ್ಲೂ ಚುಕ್ಕೆ ಓಡಾಡತ್ತೆ. ನೆಟ್ ಬೇಕಾಗಿರೋದು ಹಿಂದಿನ ಚಿತ್ರಕ್ಕೆ, ಅಂದ್ರೆ ರಸ್ತೆ, ಕಟ್ಟಡ, ಹೆಸರು. ಅದನ್ನ ಮೊದ್ಲೇ ಇಳಿಸ್ಕೊಂಡಿದ್ರೆ ಸಾಕು.

ಆದ್ರೆ ಇದ್ರಲ್ಲೊಂದು ಕೊಕ್ಕೆ ಇದೆ. ಸ್ಯಾಟಲೈಟ್ ಸುಮಾರು 20,200 ಕಿಮೀ ಮೇಲಿಂದ ತಾನು ಎಲ್ಲಿದೀನಿ ಅನ್ನೋ ಮಾಹಿತಿನ ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಹೇಳ್ತಾ ಇರತ್ತೆ. ನೆಟ್ ಇದ್ದಾಗ ಆ ಮಾಹಿತಿ ಫೋನಿಗೆ ನೆಟ್ಟಲ್ಲೇ ಬಂದ್ಬಿಡತ್ತೆ, ಅದಕ್ಕೆ ಎರಡು ಸೆಕೆಂಡಲ್ಲಿ ಚುಕ್ಕೆ ಬರತ್ತೆ. ನೆಟ್ ಇಲ್ದಿದ್ರೆ ಸ್ಯಾಟಲೈಟ್ ಬಾಯಿಂದನೇ ಪೂರ್ತಿ ಕೇಳ್ಬೇಕು, ಕಮ್ಮಿ ಅಂದ್ರೂ ಅರ್ಧ ನಿಮಿಷ, ಎರಡು ಮೂರು ದಿನ ಬೇಸ್‌ಮೆಂಟಲ್ಲಿದ್ದ ಫೋನಾದ್ರೆ ಇನ್ನೂ ಜಾಸ್ತಿ. ಅಷ್ಟೊತ್ತು ಬಯಲಲ್ಲಿ ಆಕಾಶ ಕಾಣೋ ಹಾಗೆ ನಿಂತಿರ್ಬೇಕು. ಯುದ್ಧದಲ್ಲಿ ಬಯಲಲ್ಲಿ ನಿಲ್ಲೋದೇ ಮಾಡ್ಬಾರದ ಕೆಲಸ. ಅದಕ್ಕೆ ಹೊರಡೋ ಮುಂಚೆ ಕಿಟಕಿ ಪಕ್ಕನೋ ಬಾಗಿಲ ಹತ್ರನೋ ಫೋನ್ ಇಟ್ಟು ಚುಕ್ಕೆ ಹಿಡಿಸ್ಕೊಂಡೇ ಹೊರಡಿ.

ಇನ್ನೊಂದು, ಗೂಗಲ್ ಮ್ಯಾಪಲ್ಲಿ ಏರಿಯಾ ಡೌನ್‌ಲೋಡ್ ಮಾಡ್ಕೊಂಡ್ರೂ ನೆಟ್ ಇಲ್ದೆ ಅದು ಕಾರಿನ ದಾರಿ ಮಾತ್ರ ಹೇಳತ್ತೆ, ನಡೆಯೋ ದಾರಿ ಹೇಳಲ್ಲ. ನಡೆಯೋರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ (ಓಎಸ್‌ಎಂ, ಜನರೇ ಸೇರಿ ಬರೆಯೋ ಮ್ಯಾಪ್) ಡೇಟಾ ಇಟ್ಕೊಂಡಿರೋ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಥರದ್ದು ಬೇಕು. ಆದ್ರೆ ಅದನ್ನ ಬರೆಯೋರು ನನ್ನಂಥ ವಾಲಂಟಿಯರ್‌ಗಳು. ಯುದ್ಧ ಶುರುವಾದಾಗ ಉಕ್ರೇನಿನ ಓಎಸ್‌ಎಂ ಬಳಗದವ್ರೇ ಯುದ್ಧ ಮುಗಿಯೋ ತನಕ ಇಲ್ಲಿ ಮ್ಯಾಪ್ ತಿದ್ದಬೇಡಿ ಅಂತ ಕೇಳ್ಕೊಂಡಿದ್ರು. ಹೊರಗಿನವ್ರು ಒಳ್ಳೇದಾಗ್ಲಿ ಅಂತ ಬ್ಯಾರಿಕೇಡ್, ಕಂದಕ ಎಲ್ಲ ಗುರುತು ಮಾಡಿದ್ರೆ ಅದು ಶತ್ರುಗೂ ಕಾಣತ್ತಲ್ಲ. ಅಂದ್ರೆ ಮ್ಯಾಪ್ ಬೇಕಂತಲೇ ಹಳೇದಾಗಿ ಉಳೀತು. ನಿಮ್ಮ ರೈಲ್ವೆ ಅಜ್ಜ ಆ ದಿನದ ಅಪ್‌ಡೇಟ್, ಬೇರೆಲ್ಲೂ ಸಿಗಲ್ಲ.

ಕೊನೇ_ವರ್ಷ:

ಆ ಜೂನಿಯರ್ ನಾನೇ 🙋 ಅಣ್ಣ ನನ್ನ ಹೆಸರಿಟ್ಟು ಥ್ರೆಡ್ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ. ಟ್ರಾಫಿಕ್ ಲೇಯರ್ ನೋಡ್ಕೊಂಡು ಹೋದ್ರೆ ಆಗಲ್ವಾ? ಕೆಂಪಿದ್ರೆ ಅಲ್ಲೇನೋ ಆಗಿದೆ, ಹಸಿರಿದ್ರೆ ಓಪನ್ ಅಂತ.

ಜಿಐಎಸ್_ಗಿರಾಕಿ:

ಅದನ್ನ ಆಫ್ ಮಾಡ್ಬಿಡ್ತಾರೆ ತಮ್ಮ. 2022ರ ಫೆಬ್ರವರಿ ಕೊನೆಗೆ ಉಕ್ರೇನಲ್ಲಿ, 2023ರ ಅಕ್ಟೋಬರಲ್ಲಿ ಇಸ್ರೇಲ್, ಗಾಜಾ ಎರಡೂ ಕಡೆ ಗೂಗಲ್ ಲೈವ್ ಟ್ರಾಫಿಕ್ ನಿಲ್ಲಿಸ್ತು. ಯಾಕೆ ಅಂದ್ರೆ ಜನ ಎಲ್ಲಿ ಗುಂಪಾಗಿದಾರೆ ಅನ್ನೋದು ಅದ್ರಲ್ಲಿ ಕಾಣತ್ತೆ. ಯುದ್ಧ ಶುರುವಾದ ಸುದ್ದಿನೂ ಅದ್ರಲ್ಲೇ ಮೊದ್ಲು ಕಂಡಿದ್ದು. ಕ್ಯಾಲಿಫೋರ್ನಿಯಾದ ಮಿಡಲ್‌ಬರಿ ಇನ್‌ಸ್ಟಿಟ್ಯೂಟಿನ ಜೆಫ್ರಿ ಲೂಯಿಸ್ ಅನ್ನೋ ಪ್ರೊಫೆಸರ್, ಅವ್ರ ಟೀಮು, ಫೆಬ್ರವರಿ 24ರ ನಡುರಾತ್ರಿ ಮೂರೂಕಾಲಿಗೆ ರಷ್ಯಾದ ಬೆಲ್ಗೊರೊದ್ ಹತ್ರ ಗಡಿ ಕಡೆ ಹೋಗೋ ರೋಡಲ್ಲಿ ಟ್ರಾಫಿಕ್ ಜಾಮ್ ನೋಡಿ ಯಾರೋ ಹೊರಟ್ರು ಅಂತ ಹೇಳಿದ್ರು. ಅದು ಸೈನಿಕರ ಫೋನ್ ಅಲ್ಲ, ರೋಡ್ ಬ್ಲಾಕಲ್ಲಿ ಸಿಕ್ಕಾಕ್ಕೊಂಡಿದ್ದ ಸಾಮಾನ್ಯ ಜನರ ಫೋನ್ ಇರ್ಬೇಕು ಅಂತ ಅವ್ರ ಊಹೆ. ಅಲ್ಲಿಂದ ಖಾರ್ಕಿವ್ ಹತ್ತಿರದಲ್ಲೇ ಇದೆ, ಮೇಲಿನ ಅಣ್ಣ ಆಗ ನಿದ್ದೆಯಲ್ಲಿದ್ರೇನೋ.

ಹಸಿರು ಅಂದ್ರೆ ಓಪನ್ ಅಂತಾನೂ ಅಲ್ಲ. ಯಾರೂ ಹೋಗ್ತಿಲ್ಲ ಅಂದ್ರೂ ಜಾಮ್ ಇರಲ್ಲ.

ಸುಮ್ನ_ಕುಂತಾಂವ:

ಈ ಕಡೀ ಮಾತಿಗೆ ನಂದೊಂದು ಸಾಕ್ಷಿ ಐತ್ರಿ. ನಾ ಸ್ಟೂಡೆಂಟ್ ಅಲ್ಲ, ಕೀವ್ ಒಳಗ ಕೆಲಸಕ್ಕಿದ್ದೆ. ಫೆಬ್ರವರಿ 26ರ ಸಂಜಿ 5ರಿಂದ 28ರ ಮುಂಜಾನಿ 8ರ ತನಕ ಊರಿಗೇ ಕರ್ಫ್ಯೂ ಹಾಕಿದ್ರು, ಹೊರಗ ತಲಿ ಹಾಕಿದ್ರೂ ಡಿವೆರ್ಸಂತ್, ಅಂದ್ರ ಶತ್ರು ಕಡೀ ಮಂದಿ ಅಂತ ಹಿಡೀತಾರ ಅಂತ. ಕರ್ಫ್ಯೂ ತಗದ ಕೂಡ್ಲೆ ಒಬ್ಬ ಕಲೀಗ್‌ನ ಕಾರಿನ್ಯಾಗ 5 ಮಂದಿ ಹೊಂಟ್ವಿ. ಪಶ್ಚಿಮಕ್ಕ ಹೋಗಬೇಕು, ಮ್ಯಾಪ್ ಕೇಳಿದ್ರ ಜಿತೊಮಿರ್ ಹೆದ್ದಾರಿ ಹಿಡೀರಿ, ನೆಟ್ಟಗ ಅದss ಸಣ್ಣ ದಾರಿ ಅಂತು. ಇರ್ಪಿನ್ ಹೊಳಿ ಮ್ಯಾಲಿನ ಸೇತುವೆನೂ ಮ್ಯಾಪಿನ್ಯಾಗ ಗಟ್ಟಿಮುಟ್ಟ ಇತ್ತು. ಖರೇ ಅಂದ್ರ ರೊಮಾನಿವ್ಕಾ ಹತ್ರದ ಸೇತುವೆನ ಉಕ್ರೇನ್ ಸೈನ್ಯದವ್ರೇ 25ನೇ ತಾರೀಕಿಗೆ ಉಡಾಯಿಸಿದ್ರು, ರಷ್ಯಾದ ಟ್ಯಾಂಕ್ ದಾಟಬಾರದು ಅಂತ. ಆಮ್ಯಾಲೆ ಮಂದಿ ಅದರ ಬುಡಕ್ಕ ಹಲಗಿ ಹಾಕ್ಕೊಂಡು, ಮುದುಕ್ರನ್ನ ಹೊತ್ಕೊಂಡು ದಾಟಿದ ಫೋಟೊ ನೀವೆಲ್ಲಾ ನೋಡೀರಿ.

ನಮ್ಮ ಕಲೀಗ್‌ನ ಕಾಕಾ ಫೋನ್ ಮಾಡಿ ಆ ಕಡೀ ಕಾಲಿಡಬ್ಯಾಡ್ರಿ, ಗಾಡಿಗೆ ಗುಂಡು ಹೊಡೀಲಿಕತ್ತಾರ ಅಂದ. ಸುತ್ತ ಹಾಕಿ ದಕ್ಷಿಣಕ್ಕ, ಬಿಲಾ ತ್ಸೆರ್ಕ್ವಾ ಹಿಡಕೊಂಡು ವಿನ್ನಿತ್ಸಾ ಕಡೆ ಹೋದ್ವಿ. ಪೆಟ್ರೋಲ್ ಒಬ್ಬರಿಗೆ 20 ಲೀಟರ್ ಅಷ್ಟ. ಮ್ಯಾಪ್ ಮಾತ್ರ ದಾರಿ ತುಂಬ "ಹಿಂದಕ್ಕ ತಿರುಗ್ರಿ, ಹಿಂದಕ್ಕ ತಿರುಗ್ರಿ" ಅಂತ ಒದರಕೋತನ ಬಂತು, ಕಡೀಕ ಅದರ ಬಾಯಿ ಮುಚ್ಚಿಸಿದ್ವಿ.

ಈಗ ಎಡವಟ್ಟು ಕೇಳ್ರಿ. ರಷ್ಯಾದವ್ರು ಎಲ್ಲಿ ತನಕ ಬಂದಾರ ಅಂತ ಒಂದು ವಾರ್ ಮ್ಯಾಪಿಂದು ಸ್ಕ್ರೀನ್‌ಶಾಟ್ ತಗದು, ಅದರ ಮ್ಯಾಲೆ ನಾನ ಬೆರಳಿಂದ ಕೆಂಪು ಗುರುತು ಹಾಕಿದ್ದೆ, ಈ ರಸ್ತೆ ಬ್ಯಾಡ, ಈ ರಸ್ತೆ ಬ್ಯಾಡ ಅಂತ. ಬ್ಲಾಕ್‌ಪೋಸ್ಟ್, ಅಂದ್ರ ಅಲ್ಲಿನ ಚೆಕ್‌ಪೋಸ್ಟಿನ್ಯಾಗ ಒಬ್ಬ ಹುಡುಗ, ಮೀಸಿ ಇನ್ನೂ ಸರಿಯಾಗಿ ಬಂದಿದ್ದಿಲ್ಲ, ಫೋನ್ ಕೊಡು ಅಂದ. ಗ್ಯಾಲರಿ ತಗದ. ಆ ಚಿತ್ರ ಬಂತು. ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಫೋನ್ ನೋಡಿದ, ಆಮ್ಯಾಲೆ ಬಂದೂಕು ಒಂಚೂರು ಮ್ಯಾಲೆತ್ತಿದ. ನನಗ ಬಾಯೆಲ್ಲಾ ಒಣಗಿ ಇಂಗ್ಲಿಷೂ ಬರವಲ್ದು ಏನೂ ಬರವಲ್ದು. ಕಲೀಗ್ ಇಳದು, ಉಕ್ರೇನಿಯನ್‌ನ್ಯಾಗ ಅರ್ಧ ತಾಸು ಬಡಕೊಂಡ ಮ್ಯಾಲೆ ಡಿಲೀಟ್ ಮಾಡಿಸಿ, ಡಿಲೀಟ್ ಆಗಿದ್ದರ ಫೋಲ್ಡರಿಂದನೂ ಡಿಲೀಟ್ ಮಾಡಿಸಿ ಬಿಟ್ಟ. ಅವನ ತಪ್ಪೇನಿಲ್ರಿ. ಮಾರ್ಚ್ ಕೊನೀಗೆ ಸೈನ್ಯ ಎಲ್ಲೈತಿ ಅಂತ ಹಂಚೂದss ಕ್ರಿಮಿನಲ್ ಅಪರಾಧ ಅಂತ ಕಾನೂನೇ ಬಂತು.

ಅದಕ್ಕ ತಮ್ಮಾ, ಮ್ಯಾಪ್ ಇಟ್ಕೋ. ಗುರುತು ಹಾಕಬ್ಯಾಡ. ತಲಿಯೊಳಗ ಇಟ್ಕೋ.

ಪಿಸೊಚಿನ್_ಪಾದಯಾತ್ರಿ:

ಅಬ್ಬಾ. ಇದು ನಂಗೆ ಹೊಳೆದೇ ಇರ್ಲಿಲ್ಲ. ನಾವು ಗ್ರೂಪಲ್ಲಿ ಲೈವ್ ಲೊಕೇಶನ್ ಹಾಕ್ಕೊಂಡೇ ನಡೀತಿದ್ವಿ, ಮನೆಯವ್ರು ನೋಡ್ಲಿ ಅಂತ. 200 ಜನ ಇದ್ದ ಗ್ರೂಪು, ಅದ್ರಲ್ಲಿ ಅರ್ಧ ಜನ ಯಾರು ಅಂತಾನೇ ಗೊತ್ತಿಲ್ಲ.

ನೈಲ್_ದಂಡೆ:

ಸುಡಾನ್ ರಾಜಧಾನಿ ಖಾರ್ಟೂಮ್ ಅನುಭವ, ಚಿಕ್ಕದಾಗಿ ಹೇಳ್ತೀನಿ. 2023 ಏಪ್ರಿಲ್ 15ಕ್ಕೆ ಯುದ್ಧ ಶುರು. ಅಲ್ಲಿ ನೀಲಿ ನೈಲ್, ಬಿಳಿ ನೈಲ್ ಎರಡೂ ಸೇರೋ ಜಾಗದಲ್ಲಿ ಖಾರ್ಟೂಮ್, ಬಹ್ರಿ, ಒಮ್ದುರ್ಮಾನ್ ಅಂತ ಮೂರು ಊರು, ಮಧ್ಯೆ ಸೇತುವೆಗಳು. ಮ್ಯಾಪಿಗೆ ಸೇತುವೆ ಅಂದ್ರೆ ರಸ್ತೆ, ನಮಗೆ ಸೇತುವೆ ಅಂದ್ರೆ ಅದರ ತುದಿಯಲ್ಲಿ ಯಾರು ನಿಂತಿದಾರೆ ಅನ್ನೋದು. ಸೈನ್ಯನಾ, ಅದರ ವಿರುದ್ಧ ಹೋರಾಡ್ತಿದ್ದ ಆರ್‌ಎಸ್‌ಎಫ್ ಅನ್ನೋ ಅರೆಸೈನಿಕ ಪಡೆನಾ, ಇಬ್ರೂ ಹೊಡೆದಾಡ್ತಿದಾರಾ. ವಾಟ್ಸಾಪಲ್ಲಿ ಯಾರೋ "ಈಗಷ್ಟೇ ದಾಟಿದೆ" ಅಂತ ಹಾಕಿದ್ರೆ ಅದಕ್ಕೆ ಅರ್ಧ ಗಂಟೆ ಆಯಸ್ಸು. ಹೆಸರು, ಟೈಮ್ ಹಾಕದೇ ಫಾರ್ವರ್ಡ್ ಮಾಡ್ದ ಮೆಸೇಜ್ ನಂಬೋದಿಲ್ಲ ಅಂತ ನಮ್ಮ ಬಿಲ್ಡಿಂಗ್‌ನವ್ರೆಲ್ಲ ತೀರ್ಮಾನ ಮಾಡಿದ್ವಿ, ನೋಡಿದ್ದು ಯಾರು, ಎಷ್ಟು ಗಂಟೆಗೆ, ಇವೆರಡು ಇಲ್ದಿದ್ರೆ ಅಲ್ಲೇ ಡಿಲೀಟ್.

ಪೋರ್ಟ್ ಸುಡಾನ್ ತನಕ ಬಸ್ಸಲ್ಲಿ ಹೋಗಿದ್ದು, ಅಲ್ಲಿಂದ ಭಾರತ ಸರ್ಕಾರ ನಮ್ಮನ್ನ ಕರ್ಕೊಂಡು ಬಂದ ಆಪರೇಷನ್ ಕಾವೇರಿ ಹಡಗಲ್ಲಿ ಸೌದಿಯ ಜೆಡ್ಡಾ. ಮ್ಯಾಪ್ ಅತ್ಬಾರಾ ಕಡೆಯಿಂದ ಹತ್ರ ಅಂತಿತ್ತು. ಡ್ರೈವರ್ ಮದನಿ, ಗದಾರಿಫ್, ಕಸಲಾ ಅಂತ ದೂರದ ಸುತ್ತು ಹಿಡಿದ. ಯಾಕೆ ಅಂತ ಕೇಳ್ದೆ. ಆ ದಾರಿಯಲ್ಲಿ ನನ್ನ ತಮ್ಮ ನಿನ್ನೆ ಹೋಗಿ ಮುಟ್ಟಿದಾನೆ ಅಂದ. ಮುಂದೆ ಮಾತಿಲ್ಲ.

ಹೈಫಾ_ಅಕ್ಕ:

ನಂದು ಇನ್ನೊಂದು ಥರದ ಕಥೆ ಉಂಟು ಮಾರಾಯ್ರೆ. ನಾನು ಇಸ್ರೇಲಿನ ಹೈಫಾದಲ್ಲಿ ಒಬ್ಬರು ಅಜ್ಜಿಯನ್ನು ನೋಡ್ಕೊಳ್ಳುವ ಕೆಲಸದಲ್ಲಿ ಇರುದು. ನೀವೆಲ್ಲ ನೀಲಿ ಚುಕ್ಕೆ ಸತ್ಯ ಹೇಳ್ತದೆ ಅಂತ ಬರ್ದಿದ್ದೀರಿ ಅಲ್ವಾ, ಇಲ್ಲಿ ಚುಕ್ಕೆಯೇ ಸುಳ್ಳು ಹೇಳುದು. 2024ರಲ್ಲಿ ಅಜ್ಜಿಯ ಮದ್ದು ತರ್ಲಿಕ್ಕೆ ಹೊರಟು ಫೋನ್ ತೆಗೆದ್ರೆ ನಾನು ಬೈರುತ್ ಏರ್‌ಪೋರ್ಟಲ್ಲಿ ಉಂಟಂತೆ! ಲೆಬನಾನ್! ಒಂದು ಕ್ಷಣ ನನ್ನ ಫೋನನ್ನು ಯಾರೋ ಹ್ಯಾಕ್ ಮಾಡಿದ್ರು ಅಂತಲೇ ಎಣಿಸಿದ್ದು. ಆಮೇಲೆ ಗೊತ್ತಾಯ್ತು, ಡ್ರೋನ್, ಮಿಸೈಲ್ ದಾರಿ ತಪ್ಲಿ ಅಂತ ಇಲ್ಲಿಯ ಸೈನ್ಯದವ್ರೇ ಸುಳ್ಳು ಸಿಗ್ನಲ್ ಬಿಡುದು, ಅದಕ್ಕೆ ಎಲ್ಲರ ಫೋನೂ ಹಾಗೆಯೇ. ಕೆಲವ್ರಿಗೆ ಕೈರೋ ತೋರಿಸಿತ್ತು. ಟ್ಯಾಕ್ಸಿ ಬುಕ್ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ, ಡ್ರೈವರ್‌ಗೆ ಫೋನ್ ಮಾಡಿ ಇಂಥ ಅಂಗಡಿ ಎದುರು ನಿಂತಿದ್ದೇನೆ ಅಂತ ಹೇಳ್ಬೇಕಿತ್ತು.

ಅದು ತಮಾಷೆ ಬಿಡಿ. ಸೈರನ್ ಆ್ಯಪ್ ಉಂಟಲ್ಲ, ಇಲ್ಲಿಯ ಸೈನ್ಯದ ಹೋಮ್ ಫ್ರಂಟ್ ಕಮಾಂಡಿನದ್ದು, ಅದು ನೀವಿರುವ ಜಾಗ ನೋಡಿ ಅಲರ್ಟ್ ಕೊಡುದು. ಫೋನ್ ನಿಮ್ಮನ್ನು ಬೈರುತಲ್ಲಿ ಇಟ್ಟಿದ್ರೆ ಹೈಫಾದ ಅಲರ್ಟ್ ನಿಮಗೆ ಯಾಕೆ ಬರ್ತದೆ? ಅದಕ್ಕೇ 2024ರ ಏಪ್ರಿಲಲ್ಲಿ ಅವ್ರೇ ಹೇಳಿದ್ರು, ಆ್ಯಪಲ್ಲಿ ಊರಿನ ಹೆಸರು ಕೈಯಿಂದಲೇ ಹಾಕಿ, ಲೊಕೇಶನನ್ನು ನಂಬ್ಬೇಡಿ ಅಂತ. ಇಲ್ಲಿ ಸೈರನ್ ಆದ ಮೇಲೆ ಸಿಗುದು ಒಂದು ನಿಮಿಷ. ಅಜ್ಜಿ ವಾಕರ್ ಹಿಡಿದು ಹಾಸಿಗೆಯಿಂದ ಶೆಲ್ಟರ್ ರೂಮಿಗೆ 14 ಹೆಜ್ಜೆ, ನಾನು ಲೆಕ್ಕ ಮಾಡಿದ್ದೇನೆ. ಆ 14 ಹೆಜ್ಜೆಗೆ ನಂಗೆ ಯಾವ ಮ್ಯಾಪೂ ಬೇಡ.

ಹೊಸದಾಗಿ ಬರುವ ಹುಡುಗಿಯರಿಗೆ ನಾನು ಹೇಳುದು, ಬಂದ ದಿನವೇ ಮನೆಯಿಂದ ಮೆಡಿಕಲ್ ಅಂಗಡಿ, ಬಸ್ ಸ್ಟಾಪ್, ಎರಡು ಶೆಲ್ಟರ್, ಇಷ್ಟಕ್ಕೆ ಫೋನ್ ಕಿಸೆಯಲ್ಲಿಟ್ಟು ಮೂರು ಸಲ ನಡೀರಿ. ಕಾಲಿಗೆ ಗೊತ್ತಿರ್ಬೇಕು.

ಜಿಐಎಸ್_ಗಿರಾಕಿ:

ಅಕ್ಕ ಹೇಳಿದ್ದಕ್ಕೆ ಕಾರಣ ಅಂದ್ರೆ, 20,200 ಕಿಮೀ ದೂರದಿಂದ ಬರೋ ಸಿಗ್ನಲ್ ತುಂಬಾನೇ ವೀಕು, ನೆಲದ ಮೇಲಿನ ಒಂದು ಟ್ರಾನ್ಸ್‌ಮಿಟರ್ ಅದೇ ಭಾಷೆಯಲ್ಲಿ ಜೋರಾಗಿ ಮಾತಾಡಿದ್ರೆ ಫೋನ್ ಜೋರಾಗಿರೋದನ್ನೇ ನಂಬತ್ತೆ. ಸಿಗ್ನಲ್ ಮುಚ್ಚಿಹಾಕೋದು ಜ್ಯಾಮಿಂಗ್, ಸುಳ್ಳು ಹೇಳೋದು ಸ್ಪೂಫಿಂಗ್. ಜ್ಯಾಮಿಂಗ್ ಆದ್ರೆ ಚುಕ್ಕೆ ಬರಲ್ಲ, ಗೊತ್ತಾಗತ್ತೆ. ಸ್ಪೂಫಿಂಗ್ ಕಷ್ಟ, ಚುಕ್ಕೆ ಇರತ್ತೆ, ಆತ್ಮವಿಶ್ವಾಸದಿಂದ ತಪ್ಪು ಜಾಗದಲ್ಲಿರತ್ತೆ. ಬೇರೆ ದೇಶ ತೋರಿಸಿದ್ರೆ ಪುಣ್ಯ, ಎರಡು ಬೀದಿ ಆಚೆ ತೋರಿಸಿದ್ರೆ ಕಂಡುಹಿಡಿಯೋದು ಹೇಗೆ.

ಇದೇ ಯುದ್ಧದ ಇನ್ನೊಂದು ಕಡೆದೂ ಹೇಳ್ಬೇಕು. ಗಾಜಾದಲ್ಲಿ 2023ರ ಡಿಸೆಂಬರ್ 1ಕ್ಕೆ ಇಸ್ರೇಲ್ ಸೈನ್ಯ ಇಡೀ ಗಾಜಾ ಪಟ್ಟಿನ 600ಕ್ಕೂ ಹೆಚ್ಚು ನಂಬರ್ ಹಾಕಿದ ಬ್ಲಾಕ್‌ಗಳಾಗಿ ಒಡೆದು ಒಂದು ಆನ್‌ಲೈನ್ ಮ್ಯಾಪ್ ಹಾಕ್ತು, ನಿಮ್ಮ ಬ್ಲಾಕ್ ನಂಬರ್ ತಿಳ್ಕೊಳ್ಳಿ, ಹೇಳಿದಾಗ ಖಾಲಿ ಮಾಡಿ ಅಂತ. ಕರಪತ್ರದಲ್ಲಿ ಕ್ಯೂಆರ್ ಕೋಡ್. ಅಕ್ಟೋಬರಿಂದ ಕರೆಂಟಿಲ್ಲ, ಅಕ್ಟೋಬರ್ 27ಕ್ಕೆ ಫೋನು ನೆಟ್ಟು ಪೂರ್ತಿ ಸತ್ತು ಆಮೇಲೂ ಬಂದು ಹೋಗಿ ಮಾಡ್ತಿತ್ತು, ಆ ಸ್ಥಿತಿಯಲ್ಲಿರೋ ಜನಕ್ಕೆ ಕ್ಯೂಆರ್ ಕೋಡ್. ನಾನು ಕೆಲಸದಲ್ಲಿ ದಿನಾ ಇಂಥ ಗ್ರಿಡ್ ಹಾಕ್ತೀನಿ, ಅರ್ಧ ಗಂಟೆ ಕೆಲಸ. ಮನೆಯಲ್ಲಿ ಕೂತಿರೋವ್ರಿಗೆ ತಮ್ಮ ಬೀದಿ 48ರಲ್ಲಿದ್ಯೋ 49ರಲ್ಲಿದ್ಯೋ ಗೊತ್ತಾಗ್ದೆ ರಾತ್ರಿ ಕಳೀಬೇಕಾದ್ರೆ ಹೇಗಿರತ್ತೆ ಅಂತ ಅದನ್ನ ನೋಡಿದ ಮೇಲೆ ಯೋಚನೆ ಬಂತು. ಅವತ್ತಿಂದ ಗ್ರಿಡ್ ಹಾಕೋವಾಗ ಗೆರೆ ಯಾರ ಮನೆ ಮೇಲೆ ಬೀಳತ್ತೆ ಅಂತ ಒಂದ್ಸಲ ಝೂಮ್ ಮಾಡಿ ನೋಡ್ತೀನಿ.

ಪೇಪರ್_ಪ್ರೇಮಿ:

ಪೇಪರ್ ಮ್ಯಾಪಿಗೆ ಸ್ಪೂಫಿಂಗ್ ಇಲ್ಲ ಅಂತ ಮಾತ್ರ ಹೇಳಿ ಸುಮ್ನಾಗ್ತೀನಿ 🙂

ವಾಪಸ್_ಹೋದವ್ಳು:

ಎಲ್ರೂ ಓಡಿ ಬಂದಿದ್ದು ಹೇಳಿದ್ರಿ. ಇದ್ದು ಬದುಕಿದ್ದು ನಾನು ಹೇಳ್ತೀನಿ, ಯಾಕಂದ್ರೆ ಈ ಹುಡುಗ ಹೋಗ್ತಿರೋದು ಓಡೋಕಲ್ಲ, ಇರೋಕೆ. ನಾನು 2022ರ ಅಕ್ಟೋಬರಲ್ಲಿ ಪಶ್ಚಿಮ ಉಕ್ರೇನಿನ ಲ್ವಿವ್‌ಗೆ ವಾಪಸ್ ಹೋದೆ, ಡಿಗ್ರಿ ಬಿಟ್ಟಾಕೋಕೆ ಮನಸ್ಸಾಗ್ಲಿಲ್ಲ, ಅಮ್ಮ ಆರು ತಿಂಗಳು ಮಾತಾಡ್ಲಿಲ್ಲ. ನಾನು ಅಲ್ಲಿಗೆ ಹೋಗಿ ಮುಟ್ಟಿದ ವಾರದಲ್ಲೇ, ಅಕ್ಟೋಬರ್ 10, ಪವರ್ ಸ್ಟೇಷನ್‌ಗಳ ಮೇಲೆ ದಾಳಿ ಶುರು. ಅಲ್ಲಿಂದ ಇಡೀ ಚಳಿಗಾಲ ನನ್ನ ಫೋನಲ್ಲಿ ಮೂರು ಮ್ಯಾಪು.

ಒಂದು ಅಲರ್ಟ್ ಮ್ಯಾಪು, ಜಿಲ್ಲೆ ಥರ ಒಬ್ಲಾಸ್ತ್ ಒಬ್ಲಾಸ್ತ್ ಕೆಂಪಾಗತ್ತೆ. ಅಲರ್ಟ್ ಆ್ಯಪ್ ಬಂದಿದ್ದು 2022ರ ಮಾರ್ಚ್ 1ಕ್ಕೇ. ರಷ್ಯಾದಲ್ಲಿ ಮಿಗ್-31ಕೆ ವಿಮಾನ ಮೇಲೆದ್ರೆ ಸಾಕು ಇಡೀ ದೇಶ ಒಟ್ಟಿಗೆ ಕೆಂಪು, ಅದು ಮಿಸೈಲ್ ಎಲ್ಲಿಗೆ ಬೇಕಾದ್ರೂ ಬಿಡ್ಬೋದು ಅಂತ. ಮೊದಮೊದಲು ಪ್ರತೀ ಸಲ ಶೆಲ್ಟರ್‌ಗೆ ಓಡ್ತಿದ್ದೆ. ಆಮೇಲೆ ಮ್ಯಾಪ್ ನೋಡಿ ಪೂರ್ವದಿಂದ ಕೆಂಪು ಎಷ್ಟು ಬೇಗ ಈ ಕಡೆ ಹರಡ್ತಿದೆ ಅಂತ ಲೆಕ್ಕ ಹಾಕಿ ಚಹಾ ಮುಗಿಸಿ ಹೋಗೋ ಮಟ್ಟಕ್ಕೆ ಬಂದೆ. ಇದನ್ನ ಬುದ್ಧಿವಂತಿಕೆ ಅಂತ ಹೇಳ್ತಿಲ್ಲ ತಮ್ಮ, ಹಾಗೆ ಮಾಡ್ಬೇಡ. ಮ್ಯಾಪ್ ನೋಡ್ತಾ ನೋಡ್ತಾ ಭಯನೇ ಹವಾಮಾನ ಆಗ್ಬಿಡತ್ತೆ, ಮಳೆ ಬರತ್ತಾ ಇಲ್ವಾ ಅನ್ನೋ ಥರ.

ಎರಡನೇದು ನೆಜ್ಲಾಮ್ನಿಸ್ತ್ ಪಾಯಿಂಟುಗಳ ಮ್ಯಾಪು, "ಮುರಿಯದವರ ಜಾಗ" ಅಂತ ಅರ್ಥ ಮಾಡ್ಕೋಬೋದು. ನವೆಂಬರಲ್ಲಿ ಸರ್ಕಾರ ಶುರು ಮಾಡಿದ್ದು, ಟೆಂಟು, ಶಾಲೆ, ಸ್ಟೇಷನ್ನು, ಅಲ್ಲಿ ಬಿಸಿ, ಚಾರ್ಜಿಂಗ್, ನೆಟ್ ಸಿಗತ್ತೆ. ತಮಾಷೆ ಏನು ಗೊತ್ತಾ, ಆ ಮ್ಯಾಪ್ ನೋಡೋಕೇ ಚಾರ್ಜ್ ಬೇಕು, ನೆಟ್ ಬೇಕು. ಕರೆಂಟ್ ಹೋಗಿ ಒಂದೆರಡು ಗಂಟೆಗೆ ಮೊಬೈಲ್ ಟವರಿನ ಬ್ಯಾಟರಿನೂ ಮಲ್ಗತ್ತೆ. ಹಾಗಾಗಿ ಕರೆಂಟ್ ಇದ್ದಾಗ್ಲೇ ಹತ್ರದ ನಾಲ್ಕು ವಿಳಾಸ ಫ್ರಿಜ್ ಮೇಲೆ ಬರೆದು ಅಂಟಿಸಿದ್ವಿ. ಪೇಪರ್ ಪ್ರೇಮಿಗಳೇ, ಖುಷಿನಾ?

ಮೂರನೇದು ನಾವೇ ಮಾಡ್ಕೊಂಡಿದ್ದು. ಮಾಮೂಲಿ ಮ್ಯಾಪಲ್ಲಿ ಅಂಗಡಿ "ತೆರೆದಿದೆ" ಅಂತಿರತ್ತೆ, ಹೋದ್ರೆ ಕತ್ತಲು, ಬಾಗಿಲಿಗೆ ಬೀಗ. ಯಾವ ಕೆಫೆಗೆ ಜನರೇಟರ್ ಇದೆ, ಎಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡಿದ್ರೆ ಬೈಯಲ್ಲ, ಯಾವ ಮೆಡಿಕಲ್ ಶಾಪ್ ಮೇಣದ ಬತ್ತಿ ಹಚ್ಕೊಂಡಾದ್ರೂ ಮಾತ್ರೆ ಕೊಡತ್ತೆ, ಹಾಸ್ಟೆಲ್ ಹುಡುಗೀರು ಸೇರಿ ಪಟ್ಟಿ ಮಾಡಿದ್ವಿ. ಗುರುತು ಮಾತ್ರ ಸದ್ದು. ಬೀದಿಯಲ್ಲಿ ನಡೀತಾ ಜನರೇಟರ್ ಗುರ್‌ಗುರ್ ಕೇಳಿದ ಕಡೆ ತಿರುಗೋದು. ಈಗಲೂ ಎಲ್ಲಾದ್ರೂ ಜನರೇಟರ್ ಸದ್ದು ಕೇಳಿದ್ರೆ ನನ್ನ ಕೈ ತಾನಾಗೇ ಬ್ಯಾಗಲ್ಲಿ ಚಾರ್ಜರ್ ಹುಡುಕತ್ತೆ.

ಮತ್ತೆ ಹುಲ್ಲು, ಕಾಡು, ರಸ್ತೆ ಪಕ್ಕದ ಮಣ್ಣು, ಇಲ್ಲೆಲ್ಲ ಶಾರ್ಟ್‌ಕಟ್ ಅಂತ ಇಳೀಬೇಡ, ಮುಖ್ಯವಾಗಿ ಪೂರ್ವಕ್ಕೆ ಯಾವತ್ತಾದ್ರೂ ಹೋದ್ರೆ. ನೆಲಬಾಂಬ್ ಇರಬಹುದಾದ ಜಾಗಗಳದ್ದು ಅಲ್ಲಿನ ತುರ್ತುಸೇವೆಯವ್ರು ಮ್ಯಾಪ್ ಇಟ್ಟಿದಾರೆ, ಆದ್ರೆ ಅದ್ರಲ್ಲಿ ಬಣ್ಣ ಇಲ್ಲ ಅಂದ್ರೆ ಬಾಂಬ್ ಇಲ್ಲ ಅಂತಲ್ಲ.

ಕೊನೇ_ವರ್ಷ:

ಅಕ್ಕ ಥ್ಯಾಂಕ್ಸ್, ಸ್ವಲ್ಪ ಹೆದರಿಕೆನೂ ಆಯ್ತು. ಒಂದು ಡೌಟ್, ಇಷ್ಟೆಲ್ಲ ಜನರನ್ನ ಕೇಳಿ ಕೇಳಿ ಅಂತೀರಲ್ಲ, ನಂಗೆ ಉಕ್ರೇನಿಯನ್ ಬರೋದು "ನಮಸ್ಕಾರ, ಥ್ಯಾಂಕ್ಸ್, ಪರೀಕ್ಷೆ ಯಾವಾಗ" ಇಷ್ಟೇ.

ಸುಮ್ನ_ಕುಂತಾಂವ:

ಬಾಯಿದ್ದಾಂವ ಬರಗಾಲದಾಗೂ ಬದುಕಿದ ಅಂತ ಹಿರ್ಯಾರು ಸುಮ್ನ ಹೇಳಿಲ್ಲೋ ತಮ್ಮಾ. ಕಲಿ. ಎಡಕ್ಕ, ಬಲಕ್ಕ, ನೆಟ್ಟಗ, ಹೋಗಬಹುದಾ, ಬ್ಯಾಡ. ಐದು ಮಾತು. ಒಂದು ದಿನದ ಕೆಲಸ.

ಪಿಸೊಚಿನ್_ಪಾದಯಾತ್ರಿ:

ಎಡಕ್ಕೆ ಲಿವೊರುಚ್, ಬಲಕ್ಕೆ ಪ್ರವೊರುಚ್, ನೇರ ಪ್ರ್ಯಾಮೊ. ಇನ್ನೆರಡು ನಿಮ್ಮ ಕ್ಲಾಸ್‌ಮೇಟ್ಸ್‌ನ ಕೇಳ್ಕೋ. ಆ್ಯಪ್ ಹಾಕ್ಕೊಂಡ್ಯಾ ಇಲ್ವಾ ಅದನ್ನ ಹೇಳು ಮೊದ್ಲು. ಇಡೀ ಉಕ್ರೇನ್ ಹಾಕ್ಕೋ, ತೆರ್ನೊಪಿಲ್ ಒಂದೇ ಅಲ್ಲ. ಪೋಲೆಂಡ್, ರೊಮೇನಿಯಾ ಗಡಿ ಆಚೆದೂ. ನಾವು ಗಡಿ ದಾಟಿದ ಮೇಲೆ ಮ್ಯಾಪ್ ಖಾಲಿ ಬೂದಿ ಬಣ್ಣ, ಎತ್ತ ಹೋಗ್ಬೇಕು ಗೊತ್ತಾಗ್ಲಿಲ್ಲ.

ಕೊನೇ_ವರ್ಷ:

ಹಾಕ್ತಿದೀನಿ ಅಣ್ಣ, ಸ್ಟೋರೇಜ್ ಫುಲ್ ಅಂತಿದೆ, ನಾಳೆ ಹಳೇ ರೀಲ್ಸ್ ಎಲ್ಲ ಡಿಲೀಟ್ ಮಾಡಿ ಹಾಕ್ತೀನಿ

ಪಿಸೊಚಿನ್_ಪಾದಯಾತ್ರಿ:

ಈಗ ಮಾಡು.

ವಾಪಸ್_ಹೋದವ್ಳು:

ಈಗ.

ಕೊನೇ_ವರ್ಷ:

ಸರಿ ಸರಿ, ಮಾಡ್ತಿದೀನಿ. 40%...